ಒಳ್ಳೆಯ ಮೀನನ್ನು ಆರಿಸಿ ಕೊಳ್ಳುವ ಕ್ರಮ

ರೈತನು ಎತ್ತನ್ನು ಕೊಳ್ಳುವಾಗ ಬಾಯಿ ತೆರೆಯಿಸಿ ಹಲ್ಲು ನೋಡುವನು. ಬಿತ್ತನೆಯ ಭತ್ತವನ್ನು ಕೊಳ್ಳುವಾಗ ಹಿಡಿಯಷ್ಟನ್ನು ಅಂಗೈಯಲ್ಲಿ ಹರಡಿ ಜೊಳ್ಳೆಷ್ಟು ಗಟ್ಟಿಯೆಷ್ಟು ಎಂದು ಪರೀಕ್ಷಿಸುವನು. ಆದರೆ ಮೀನಿನ ವಿಷಯದಲ್ಲಿ ಬೆಲೆಯೊಂದನ್ನೇ ವಿಚಾರಿಸಿ, ಮಾರುವವನು ಕತ್ತರಿಸಿ ಕೊಟ್ಟುದನ್ನು ಚೀಲಕ್ಕೆ ಹಾಕಿಕೊಂಡು ಬರುವವರೇ ಹೆಚ್ಚು. ಬಯಲುಸೀಮೆಯ ಸಂತೆಗಳಿಗೂ ಪಟ್ಟಣದ ಮಳಿಗೆಗಳಿಗೂ ಕಡಲ ಮೀನು ಮಂಗಳೂರು, ಮಲ್ಪೆ, ಕಾರವಾರ ಮೊದಲಾದ ಬಂದರುಗಳಿಂದ ಘಟ್ಟವನ್ನೇರಿ ಬರತಕ್ಕದ್ದು. ಕಾಟ್ಲಾ, ರೋಹು ಮೊದಲಾದ ಸಾಕಿದ ಮೀನುಗಳಲ್ಲಿಯೂ ಬಹುಭಾಗವು ಆಂಧ್ರದ ಕೊಳಗಳಿಂದ ಲಾರಿಗಳಲ್ಲಿ ಬರುವುದುಂಟು. ಇಷ್ಟು ದೂರ ಬಂದ ಪದಾರ್ಥವನ್ನು ಪರೀಕ್ಷಿಸದೆ ಕೊಂಡರೆ ಹಣವೂ ನಷ್ಟ, ಮನೆಮಂದಿಯ ಆರೋಗ್ಯಕ್ಕೂ ಹಾನಿ. ಆದುದರಿಂದ ಮುಂದೆ ಹೇಳಿರುವ ಸಂಗತಿಗಳನ್ನು ಪ್ರತಿಯೊಬ್ಬರೂ ಮನಸ್ಸಿನಲ್ಲಿಡುವುದು ಯುಕ್ತ.

1. ಮೀನು ಕೆಡುವ ಬಗೆ

ಜೀವಂತವಾದ ಮೀನಿನ ಮಾಂಸದೊಳಗೆ ಕೊಳೆಯಿಸುವ ಸೂಕ್ಷ್ಮಜೀವಿಗಳು ಇರುವುದಿಲ್ಲ. ಅವು ಚರ್ಮದ ಲೋಳೆಯಲ್ಲಿಯೂ ಕಿವಿರುಗಳಲ್ಲಿಯೂ ಕರುಳಿನಲ್ಲಿಯೂ ಇರುತ್ತವೆ. ಮೀನು ಸತ್ತ ಮೇಲೆ ಇವು ಹೆಚ್ಚಿ ಮಾಂಸವನ್ನು ಹೊಗುವುವು. ಕರುಳಿನ ಪಾಚಕರಸಗಳು ಹೊಟ್ಟೆಯ ಗೋಡೆಯನ್ನೇ ಜೀರ್ಣಿಸಲಾರಂಭಿಸುವುವು. ಈ ಕಾರ್ಯದ ವೇಗವು ಶಾಖವನ್ನನುಸರಿಸಿದೆ. ಕರಗುತ್ತಿರುವ ಮಂಜುಗಡ್ಡೆಯ ನಡುವೆ, ಎಂದರೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಡುವ ವೇಗವನ್ನು ಒಂದೆಂದು ಇಟ್ಟುಕೊಂಡರೆ 5 ಡಿಗ್ರಿಯಲ್ಲಿ ಅದು ಎರಡರಷ್ಟಕ್ಕಿಂತ ಹೆಚ್ಚು, 10 ಡಿಗ್ರಿಯಲ್ಲಿ ಸುಮಾರು ನಾಲ್ಕರಷ್ಟು. ಬೇಸಗೆಯ ಬಿಸಿಲಿನಲ್ಲಿ ಗೋಣಿತಾಟಿನ ಮೇಲೆ ಹರಡಿದ ಮೀನು ಒಂದು ದಿನವೂ ತಾಳದು. ಹೀಗೆ ಮೀನಿನ ಯೋಗ್ಯತೆಯೆಲ್ಲವೂ ಹಿಡಿದ ಗಳಿಗೆಯಿಂದ ಎಷ್ಟು ಕಾಲ, ಎಷ್ಟು ತಂಪಿನಲ್ಲಿ ಇತ್ತೆಂಬುದರ ಮೇಲೆ ನಿಂತಿದೆ. ಒಮ್ಮೆ ಕೆಟ್ಟ ಮೀನನ್ನು ಮಂಜುಗಡ್ಡೆಯಾಗಲಿ ಹುಳಿಖಾರವಾಗಲಿ ಒಲೆಯ ಉರಿಯಾಗಲಿ ಸರಿಪಡಿಸಲಾರವು.

2. ಇಡೀ ಮೀನನ್ನು ಪರೀಕ್ಷಿಸುವ ಕ್ರಮ

ಸಾಧ್ಯವಾದ ಮಟ್ಟಿಗೆ ಇಡೀ ಮೀನನ್ನೇ ನೋಡಿ ಆರಿಸಿ, ತರುವಾಯ ಕಣ್ಣೆದುರಿನಲ್ಲಿಯೇ ಕತ್ತರಿಸಿಕೊಳ್ಳತಕ್ಕದ್ದು. ಪರೀಕ್ಷಿಸಬೇಕಾದ ಲಕ್ಷಣಗಳು ಇವು:

(ಅ) ಕಣ್ಣು: ಉಬ್ಬಿ ತಿಳಿಯಾಗಿ ಹೊಳೆಯುತ್ತಿರಬೇಕು. ಗುಳಿಬಿದ್ದು ಹಾಲಿನಂತೆ ಮಬ್ಬಾಗಿದ್ದರೆ ಹಳೆಯದು.

(ಆ) ಕಿವಿರು: ಕಿವಿರಿನ ಮುಚ್ಚಳವನ್ನೆತ್ತಿ ನೋಡತಕ್ಕದ್ದು. ಕೆಂಪಾಗಿಯೂ ತೇವವಾಗಿಯೂ ಇದ್ದರೆ ಒಳ್ಳೆಯದು. ಕಂದು ಅಥವಾ ಬೂದು ಬಣ್ಣಕ್ಕೆ ತಿರುಗಿ ದಪ್ಪ ಲೋಳೆ ಕಟ್ಟಿದ್ದರೆ ಬಿಡತಕ್ಕದ್ದು.

(ಇ) ಮಾಂಸ: ಬೆರಳಿನಿಂದ ಒತ್ತಿದರೆ ಕುಳಿಯು ಕೂಡಲೆ ಮೇಲೇಳಬೇಕು. ಕುಳಿ ಹಾಗೆಯೇ ನಿಂತರೆ ಮಾಂಸವು ಸಡಿಲವಾಗಿದೆಯೆಂದು ತಿಳಿಯಬೇಕು.

(ಈ) ಮೈ ಮತ್ತು ಹೊಟ್ಟೆ: ಹುರುಪೆಗಳು ಮೈಗೆ ಭದ್ರವಾಗಿ ಹತ್ತಿಕೊಂಡಿರಬೇಕು. ಹೊಟ್ಟೆಯು ಒಡೆದಿರಬಾರದು, ಉಬ್ಬಿರಲೂಬಾರದು.

(ಉ) ವಾಸನೆ: ಹೊಸ ಮೀನಿಗೆ ಕಡಲ ನೀರಿನ ಅಥವಾ ಹಸಿ ಪಾಚಿಯ ವಾಸನೆಯಷ್ಟೇ ಇರುವುದು. ಹುಳಿ, ಕೊಳೆತ ಅಥವಾ ಮೂಗಿಗೆ ಹೊಡೆಯುವ ನಾತವು ಕೆಟ್ಟುದರ ಗುರುತು.

ಯಾವ ಒಂದೇ ಲಕ್ಷಣವನ್ನೂ ನಂಬಿ ತೀರ್ಮಾನಿಸಬಾರದು. ಮಂಜುಗಡ್ಡೆಯ ಸೋಂಕಿನಿಂದ ಒಳ್ಳೆಯ ಮೀನಿನ ಕಣ್ಣೂ ಮಬ್ಬಾಗುವುದುಂಟು. ಎರಡು ಮೂರು ಲಕ್ಷಣಗಳು ಒಟ್ಟಿಗೆ ಹೊಂದಿದರೆ ಮಾತ್ರ ಕೊಳ್ಳತಕ್ಕದ್ದು.

ಕೆರೆಯ ಮೀನಿನಲ್ಲಿ ಕೆಲವೊಮ್ಮೆ ಕಾಣುವ ಕೆಸರಿನ ವಾಸನೆಯು ಕೊಳೆತುದರ ಚಿಹ್ನೆಯಲ್ಲ. ಅದು ನೀರಿನ ಪಾಚಿ ಮತ್ತು ಸೂಕ್ಷ್ಮಜೀವಿಗಳಿಂದ ಮಾಂಸಕ್ಕೆ ಅಂಟಿದ್ದು. ಸ್ವಂತ ಕೊಳದಲ್ಲಿ ಮೀನು ಸಾಕುವವರು ಹಿಡಿದ ಮೀನನ್ನು ಕೆಲವು ದಿನ ಶುದ್ಧವಾದ ಹರಿಯುವ ನೀರಿನಲ್ಲಿ ಜೀವಂತವಾಗಿ ಬಿಟ್ಟಿದ್ದು ಮಾರಿದರೆ ಈ ವಾಸನೆ ತಗ್ಗಿ ಒಳ್ಳೆಯ ಬೆಲೆ ಬರುವುದು.

ಸೀಗಡಿಯ ತಲೆಯು ಮೈಗೆ ಬಿಗಿಯಾಗಿರಬೇಕು. ಕಪ್ಪು ಕಲೆಗಳು ಹರಡಿದ್ದರೆ ಹಳೆಯದು. ಏಡಿಯನ್ನು ಜೀವವಿರುವಾಗಲೇ ಕೊಳ್ಳುವುದು ಲೇಸು. ಚಿಪ್ಪಿನ ಪ್ರಾಣಿಗಳಲ್ಲಿ ಬಾಯಿ ತೆರೆದಿದ್ದು, ತಟ್ಟಿದರೂ ಮುಚ್ಚದವು ಸತ್ತವೆಂದು ಎಸೆಯತಕ್ಕದ್ದು.

3. ಬಂಗುಡೆ, ಬೂತಾಯಿಗಳಲ್ಲಿ ವಿಶೇಷ ಎಚ್ಚರಿಕೆ

ಈ ಎರಡು ಮೀನುಗಳೂ ಅಗ್ಗವಾಗಿಯೂ ಪುಷ್ಟಿಕರವಾಗಿಯೂ ಇವೆ. ಆದರೆ ಇವುಗಳಲ್ಲಿ ಎಣ್ಣೆಯ ಅಂಶ ಹೆಚ್ಚಾದುದರಿಂದ ಬೇಗ ಮುಗ್ಗುವುವು. ಇದಕ್ಕಿಂತ ಮುಖ್ಯವಾದ ಇನ್ನೊಂದು ದೋಷವುಂಟು. ತಂಪಿಲ್ಲದೆ ಬಿದ್ದಿದ್ದ ಬಂಗುಡೆ, ಬೂತಾಯಿ, ಸೂರೆ ಮೊದಲಾದ ಮೀನುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಿಷಪದಾರ್ಥ ಹುಟ್ಟುವುದು. ಇದನ್ನು ತಿಂದವರಿಗೆ ಸ್ವಲ್ಪ ಹೊತ್ತಿನಲ್ಲಿಯೇ ಮುಖ ಕೆಂಪೇರುವುದು, ತಲೆನೋವು, ಮೈಮೇಲೆ ದದ್ದು, ವಾಂತಿಭೇದಿಗಳು ಕಾಣಿಸುವುವು. ಹುರಿದರೂ ಕುದಿಸಿದರೂ ಈ ವಿಷವು ನಾಶವಾಗುವುದಿಲ್ಲ. ಕೆಲವೊಮ್ಮೆ ವಾಸನೆಯಿಂದಲೂ ಗೊತ್ತಾಗುವುದಿಲ್ಲ. ಆದಕಾರಣ ಇವನ್ನು ಹೇರಳವಾದ ಮಂಜುಗಡ್ಡೆಯಲ್ಲಿ ಹುದುಗಿಸಿಟ್ಟ ಅಂಗಡಿಯಲ್ಲಲ್ಲದೆ ಬೇರೆಡೆ ಸರ್ವಥಾ ಕೊಳ್ಳಬಾರದು. ಜಾತ್ರೆ, ಔತಣಗಳಿಗಾಗಿ ನೂರಾರು ಜನಕ್ಕೆ ಒಟ್ಟಿಗೆ ತರಿಸುವವರು ಇದನ್ನು ಮುಖ್ಯವಾಗಿ ಗಮನಿಸತಕ್ಕದ್ದು.

4. ದೊಡ್ಡ ಮಳಿಗೆಗಳಲ್ಲಿ ಕೊಳ್ಳುವಾಗ

ಪಟ್ಟಣದ ಸೂಪರ್ ಮಾರ್ಕೆಟ್ಟುಗಳಲ್ಲಿ ಮೀನನ್ನು ಗಾಜಿನ ಪೆಟ್ಟಿಗೆಯಲ್ಲಿಯೋ ಪೊಟ್ಟಣಗಳಲ್ಲಿಯೋ ಇಟ್ಟಿರುವರು. ದೀಪದ ಬೆಳಕು, ಅಂದವಾದ ಹೊದಿಕೆಗಳಿಂದ ಮೀನಿನ ಗುಣ ಹೆಚ್ಚುವುದಿಲ್ಲ. ಮೀನು ಮಂಜುಗಡ್ಡೆಯೊಳಗೆ ಹುದುಗಿದೆಯೋ, ಬರಿದೆ ಮೇಲೆ ಕುಳಿತಿದೆಯೋ, ಕರಗಿದ ನೀರಿನಲ್ಲಿ ನೆನೆಯುತ್ತಿದೆಯೋ ಎಂಬುದನ್ನು ಮೊದಲು ನೋಡಬೇಕು. ಕತ್ತರಿಸಿದ ತುಂಡುಗಳಾದರೆ ಅಂಚು ಒಣಗಿರಬಾರದು, ಪದರಗಳು ಬಿಚ್ಚಿರಬಾರದು, ತಟ್ಟೆಯಲ್ಲಿ ನೀರು ನಿಂತಿರಬಾರದು.

ಹೆಪ್ಪುಗಟ್ಟಿಸಿದ ಮೀನನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಇಡತಕ್ಕದ್ದು. ಪೊಟ್ಟಣದೊಳಗೆ ಮಂಜಿನ ಹರಳುಗಳು ಗಡ್ಡೆಕಟ್ಟಿದ್ದರೆ, ತುಂಡುಗಳು ಒಂದಕ್ಕೊಂದು ಅಂಟಿ ಆಕಾರ ಕೆಟ್ಟಿದ್ದರೆ, ಅದು ನಡುವೆ ಕರಗಿ ಮತ್ತೆ ಹೆಪ್ಪುಗಟ್ಟಿದ್ದೆಂದು ಸಂಶಯಿಸಬೇಕು. ತಯಾರಾದ ತಾರೀಖು, ಉಪಯೋಗಿಸಬೇಕಾದ ಕೊನೆಯ ತಾರೀಖು, ಆಹಾರ ಪರವಾನಗಿಯ ಸಂಖ್ಯೆ, ನಿವ್ವಳ ತೂಕ ಇವುಗಳನ್ನು ಓದತಕ್ಕದ್ದು. ಸೀಗಡಿ ಮೊದಲಾದವುಗಳಿಗೆ ಹಿಮದ ಲೇಪ ಕೊಡುವುದುಂಟಾದುದರಿಂದ ಲೇಪವನ್ನು ಬಿಟ್ಟು ತೂಕವೆಷ್ಟೆಂದು ವಿಚಾರಿಸುವುದು ನ್ಯಾಯ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆ ತಿಂಗಳುಗಳಲ್ಲಿ ಕಡಲ ಮೀನು ಬೇಕಾದಷ್ಟು ಕಂಡುಬಂದರೆ ಎಲ್ಲಿಂದ, ಎಂದು ಬಂದಿತೆಂದು ಕೇಳಿಯೇ ಕೊಳ್ಳಬೇಕು. ಆ ಕಾಲಕ್ಕೆ ಊರ ಕೆರೆಯ ಹೊಸ ಮೀನೇ ಉತ್ತಮ.

5. ಫಾರ್ಮಲಿನ್ ಬೆರಕೆ

ಶವಗಳನ್ನು ಕೆಡದಂತೆ ಇಡಲು ಉಪಯೋಗಿಸುವ ಫಾರ್ಮಲಿನ್ ಎಂಬ ದ್ರವವನ್ನು ಮೀನಿಗೆ ಹಾಕುವ ದುಷ್ಕೃತ್ಯವೂ ಬೆಳಕಿಗೆ ಬಂದಿದೆ. 2018ರಲ್ಲಿ ಕೇರಳದ ಅಧಿಕಾರಿಗಳು ಗಡಿಯ ಠಾಣೆಗಳಲ್ಲಿ ಇಂತಹ ಮೀನನ್ನು ಹಿಡಿದು ಮುಟ್ಟುಗೋಲು ಹಾಕಿದರು. ಇದನ್ನು ಬರಿಗಣ್ಣಿನಿಂದ ನಿಶ್ಚಯಿಸುವುದು ಕಷ್ಟ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಬಣ್ಣ ಬದಲಾಗುವ ಕಾಗದದ ಪಟ್ಟಿಯಿಂದ ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸುವ ಸಾಧನವನ್ನು ಸಿದ್ಧಪಡಿಸಿದ್ದಾರೆ.

6. ಮನೆಗೆ ಒಯ್ದ ಮೇಲೆ

ಸಂತೆಯ ಇತರ ಕೆಲಸಗಳನ್ನು ಮುಗಿಸಿ ಕೊನೆಯಲ್ಲಿ ಮೀನನ್ನು ಕೊಳ್ಳತಕ್ಕದ್ದು. ದೂರದ ಊರಿನವರು ಮುಚ್ಚಳವುಳ್ಳ ಡಬ್ಬದಲ್ಲಿ ಮೀನಿನಷ್ಟೇ ತೂಕದ ಮಂಜುಗಡ್ಡೆಯ ಪುಡಿಯನ್ನು ಸುತ್ತಲೂ ಹಾಕಿ ಒಯ್ಯುವುದು ಉತ್ತಮ. ಮನೆ ಸೇರಿದ ಕೂಡಲೆ ಕರುಳು ಕಿವಿರುಗಳನ್ನು ತೆಗೆದು ತೊಳೆದು ಅಂದೇ ಅಡಿಗೆ ಮಾಡಬೇಕು. ಹೆಪ್ಪು ಕರಗಿದ ಮೀನನ್ನು ಮತ್ತೆ ಹೆಪ್ಪುಗಟ್ಟಿಸಬಾರದು.

7. ಗ್ರಾಮದ ಮುಖಂಡರು ಮಾಡಬಹುದಾದುದು

ಸಂತೆಯ ಮೈದಾನದಲ್ಲಿ ಮೀನು ಮಾರುವವರಿಗೆ ನೆರಳು, ಎತ್ತರದ ಕಟ್ಟೆ, ಶುದ್ಧವಾದ ನೀರು, ಕೊಳಚೆ ಹರಿದುಹೋಗುವ ಕಾಲುವೆ ಇಷ್ಟನ್ನು ಏರ್ಪಡಿಸಿದರೆ ಮಾರುವವನಿಗೂ ಕೊಳ್ಳುವವನಿಗೂ ಲಾಭವುಂಟು. ಕೆಟ್ಟ ಮೀನು ಮಾರಾಟಕ್ಕೆ ಬಂದರೆ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸತಕ್ಕದ್ದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೆಯ ಪ್ರಕರಣದ ಮೇರೆಗೆ, ಕೊಂಡವನೇ ಶುಲ್ಕ ಸಲ್ಲಿಸಿ ಪದಾರ್ಥವನ್ನು ಪರೀಕ್ಷೆ ಮಾಡಿಸಬಹುದು. ಹಾಗೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಮಾರುವವನಿಗೆ ತಿಳಿಸಿರಬೇಕು.

ಕೊಳ್ಳುವವರು ಕಿವಿರೆತ್ತಿ ನೋಡುವ ಅಭ್ಯಾಸವನ್ನು ಮಾಡಿಕೊಂಡಲ್ಲಿ, ಹಳೆಯ ಮೀನನ್ನು ಹಳ್ಳಿಯ ಸಂತೆಗೆ ಸಾಗಿಸುವ ವ್ಯಾಪಾರವು ತಾನಾಗಿಯೇ ನಿಲ್ಲುವುದು.