ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿ ಉಪಶಾಮಕ ಆರೈಕೆ: ನಾಗರಿಕರಿಗೆ ಮಾಹಿತಿ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವ, ಸವಣೂರ ಹಾಗೂ ಹಿರೇಕೆರೂರ ತಾಲ್ಲೂಕುಗಳ ರೋಗಿಗಳು ಹೆಚ್ಚಿನ ಚಿಕಿತ್ಸೆಗಾಗಿ ಹುಬ್ಬಳ್ಳಿ ಅಥವಾ ಬೆಂಗಳೂರಿಗೆ ತೆರಳುತ್ತಾರೆ. ಅಲ್ಲಿ ‘ಇನ್ನು ಮನೆಗೆ ಕರೆದೊಯ್ಯಿರಿ’ ಎಂದಾಗ ಎಲ್ಲವೂ ಮುಗಿಯಿತೆಂದು ಕುಟುಂಬದವರು ಭಾವಿಸುವುದುಂಟು. ಕಾಯಿಲೆ ಗುಣಪಡಿಸುವ ಚಿಕಿತ್ಸೆ ನಿಂತರೂ ಆರೈಕೆ ನಿಲ್ಲತಕ್ಕದ್ದಲ್ಲ. ನೋವು, ಉಸಿರಾಟದ ತೊಂದರೆ, ವಾಂತಿ ಹಾಗೂ ಮನಃಕ್ಲೇಶಗಳನ್ನು ಶಮನಗೊಳಿಸುವ ಸೇವೆಗೆ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ಎಂದು ಹೆಸರು. ಇದು ಕ್ಯಾನ್ಸರ್ ರೋಗಿಗಳಿಗೆ ಮಾತ್ರ ಸೀಮಿತವಲ್ಲ; ಮೂತ್ರಪಿಂಡ, ಹೃದಯ ವೈಫಲ್ಯ ಮತ್ತು ಪಾರ್ಶ್ವವಾಯು ಪೀಡಿತರಿಗೂ ಅನ್ವಯಿಸುತ್ತದೆ.

ಲಭ್ಯವಿರುವ ಆಯ್ಕೆಗಳು

1. ಮನೆಯಲ್ಲಿ ಆರೈಕೆ: ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ವಿಷಯ ತಿಳಿಸತಕ್ಕದ್ದು. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿದಲ್ಲಿ ಬೆನ್ನುಹುಣ್ಣನ್ನು ಬಹುಮಟ್ಟಿಗೆ ತಡೆಯಬಹುದಾಗಿದೆ.

2. ಆಸ್ಪತ್ರೆಯಲ್ಲಿ ಆರೈಕೆ: ನೋವು ಹತೋಟಿಗೆ ಬಾರದಿದ್ದಲ್ಲಿ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸಿ, ಅವಶ್ಯವಿದ್ದಲ್ಲಿ ಜಿಲ್ಲಾ ಆಸ್ಪತ್ರೆಗೆ ಶಿಫಾರಸು ಪತ್ರ ಪಡೆಯುವುದು.

3. ಹಾಸ್ಪಿಸ್: ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ನಡೆಸುವ ಬೆಂಗಳೂರಿನ ‘ಕರುಣಾಶ್ರಯ’ದಲ್ಲಿ, ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನೀಡಲಾಗುತ್ತದೆ. ದೂರದ ಪ್ರಯಾಣವಾದುದರಿಂದ ಮೊದಲೇ ವಿಚಾರಿಸಿ ಹೊರಡುವುದು ಸೂಕ್ತ.

ಮಾರ್ಫಿನ್ ಕುರಿತು

ತೀವ್ರ ನೋವಿಗೆ ವೈದ್ಯರು ಮಾರ್ಫಿನ್ ಮಾತ್ರೆ ಬರೆದುಕೊಡಬಹುದು. 2014ರ ಕಾನೂನು ತಿದ್ದುಪಡಿಯಿಂದ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇದನ್ನು ಪಡೆಯುವುದು ಸುಲಭವಾಗಿದೆ. ಎಲ್ಲ ಆಸ್ಪತ್ರೆಗಳಲ್ಲಿ ದಾಸ್ತಾನು ಇರುವುದಿಲ್ಲವಾದ್ದರಿಂದ, ಎಲ್ಲಿ ದೊರೆಯುತ್ತದೆಂಬುದನ್ನು ಬಿಡುಗಡೆಯ ದಿನವೇ ವೈದ್ಯರಲ್ಲಿ ಕೇಳಿ ತಿಳಿಯತಕ್ಕದ್ದು. ವೈದ್ಯರು ಹೇಳಿದಂತೆ ಸೇವಿಸಿದಲ್ಲಿ ಚಟವಾಗುವ ಭಯಕ್ಕೆ ಕಾರಣವಿಲ್ಲ. ಮಲಬದ್ಧತೆ ಸಾಮಾನ್ಯವಾದ್ದರಿಂದ ಅದಕ್ಕೂ ಔಷಧ ಕೇಳಿ ಪಡೆಯುವುದು. ಸೇವನೆಯನ್ನು ಏಕಾಏಕಿ ನಿಲ್ಲಿಸಬಾರದು.

ಮುಂಗಡ ವೈದ್ಯಕೀಯ ನಿರ್ದೇಶನ

ಗುಣವಾಗುವ ಆಶೆ ಇಲ್ಲದಿರುವಾಗ ಕೃತಕ ಉಸಿರಾಟದ ಯಂತ್ರದಂತಹ ಚಿಕಿತ್ಸೆ ಬೇಡವೆಂದು ವಯಸ್ಕರು ಮುಂಚಿತವಾಗಿ ಬರೆದಿಡಬಹುದು. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಇದನ್ನು ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿದೆ. ಇಬ್ಬರು ಸಾಕ್ಷಿದಾರರ ಸಹಿ ಹಾಗೂ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಅವಶ್ಯ. ತಮ್ಮ ಪರವಾಗಿ ತೀರ್ಮಾನಿಸಬೇಕಾದವರ ಹೆಸರುಗಳನ್ನು ಅದರಲ್ಲಿ ನಮೂದಿಸತಕ್ಕದ್ದು. ಇದನ್ನು ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯಬಹುದಾಗಿದೆ. ಔಷಧ ನೀಡಿ ಮರಣ ಉಂಟುಮಾಡಲು ಇದರಲ್ಲಿ ಅವಕಾಶವಿಲ್ಲ.

ತರಬೇಕಾದ ದಾಖಲೆಗಳು

ಬಿಡುಗಡೆ ಪತ್ರ, ಬಯಾಪ್ಸಿ ಹಾಗೂ ಸ್ಕ್ಯಾನ್ ವರದಿಗಳು, ಸೇವಿಸುತ್ತಿರುವ ಔಷಧಗಳ ಚೀಟಿ, ಆಧಾರ್ ಮತ್ತು ಪಡಿತರ ಚೀಟಿ. ರೋಗಿಯು ಬರಲು ಅಶಕ್ತರಾಗಿದ್ದಲ್ಲಿ ಕುಟುಂಬದ ಸದಸ್ಯರು ಈ ದಾಖಲೆಗಳೊಂದಿಗೆ ಬಂದು ವೈದ್ಯರ ಸಲಹೆ ಕೇಳಬಹುದು.

ಎಲ್ಲಿ ಆರೈಕೆ ಪಡೆಯಬೇಕೆಂಬ ತೀರ್ಮಾನದಲ್ಲಿ ರೋಗಿಯ ಇಚ್ಛೆಯೇ ಪ್ರಧಾನ. ಅವರಿಗೆ ಮಾತನಾಡುವ ಶಕ್ತಿ ಇರುವಾಗಲೇ ಕೇಳಿ ತಿಳಿದುಕೊಳ್ಳಬೇಕೆಂದು ಕೋರಲಾಗಿದೆ.