ಬಾಣಂತಿ ಉಂಡದ್ದು, ಹಾಲಿಗೆ ಇಳಿದದ್ದು

ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡರೆ ಮರುದಿನ ಮೂತ್ರ ಕೆಂಪಗಾಗುತ್ತದೆ ಎಂಬುದು ಕೊಡಗಿನಲ್ಲಿ ಮಕ್ಕಳಿಗೂ ಗೊತ್ತು. ತಿಂದದ್ದು ಹೊಟ್ಟೆಯಲ್ಲೇ ಕೂರುವುದಿಲ್ಲ, ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಅದೇ ಮಳೆಗಾಲದಲ್ಲಿ ಮನೆಯ ಒಳಕೋಣೆಯಲ್ಲಿ ಬಾಣಂತಿ ಇದ್ದರೆ ಅಜ್ಜಿಯ ಕಣ್ಣು ಅವಳ ತಟ್ಟೆಯ ಮೇಲೇ. ಹಲಸು ನಂಜು, ಬದನೆ ನಂಜು, ಸೌತೆ ಶೀತ, ಬೇಳೆ ವಾಯು. ಹೀಗೆ ಒಂದೊಂದನ್ನೇ ತೆಗೆದ ಮೇಲೆ ಉಳಿಯುವುದು ಬಿಳಿ ಅನ್ನ, ಕರಿಮೆಣಸಿನ ಸಾರು, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ. ನೀನು ತಿಂದದ್ದು ಕೂಸಿಗೆ ಇಳಿಯುತ್ತದೆ ಎನ್ನುವುದು ಅಜ್ಜಿಯ ಮಾತು.

ಮಾತು ಸುಳ್ಳಲ್ಲ. ಆದರೆ ಯಾವುದು ಇಳಿಯುತ್ತದೆ, ಯಾವುದು ಇಳಿಯುವುದಿಲ್ಲ ಎಂಬ ಲೆಕ್ಕ ಬೇರೆಯೇ ಇದೆ.

ಆ ಬೆಳ್ಳುಳ್ಳಿಯನ್ನೇ ನೋಡಿ. 1991ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಜೂಲಿ ಮೆನೆಲ್ಲಾ ಮತ್ತು ಗ್ಯಾರಿ ಬೋಶಾಂಪ್ ಎಂಬ ವಿಜ್ಞಾನಿಗಳು ಹಾಲೂಡುವ ತಾಯಂದಿರಿಗೆ ಬೆಳ್ಳುಳ್ಳಿ ಗುಳಿಗೆ ಕೊಟ್ಟು, ಹಾಲನ್ನು ಮೂಸಿ ನೋಡಿಸಿದರು. ಎರಡು ಗಂಟೆಯ ಹೊತ್ತಿಗೆ ಹಾಲಿನಲ್ಲಿ ವಾಸನೆ ಗಾಢವಾಗಿತ್ತು. ಕೂಸುಗಳು ಮುಖ ತಿರುಗಿಸಲಿಲ್ಲ. ಇನ್ನೂ ಹೆಚ್ಚು ಹೊತ್ತು ಮೊಲೆ ಚೀಪಿದವು. ಮನೆಯ ಅಡುಗೆಯ ರುಚಿಯನ್ನು ಮಗು ಅನ್ನಪ್ರಾಶನಕ್ಕೆ ಎಷ್ಟೋ ಮೊದಲೇ ಹಾಲಿನಲ್ಲಿ ಕಲಿಯುತ್ತದೆ ಎನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ.

ಕಾಫಿಯೂ ಇಳಿಯುತ್ತದೆ. ತಾಯಿ ಕುಡಿದ ಕೆಫೀನಿನಲ್ಲಿ ನೂರಕ್ಕೆ ಒಂದೂವರೆ ಭಾಗದೊಳಗೆ ಮಾತ್ರ ಹಾಲು ಸೇರುತ್ತದೆ, ನಿಜ. ಆದರೆ ದೊಡ್ಡವರ ಮೈಯಲ್ಲಿ ಸುಮಾರು ಐದು ಗಂಟೆಗೆ ಅರ್ಧ ಕರಗುವ ಕೆಫೀನು, ಹಸುಗೂಸಿನ ಎಳೆಯ ಯಕೃತ್ತಿನಲ್ಲಿ ಅರ್ಧವಾಗಲು ಮೂರು ನಾಲ್ಕು ದಿನ ಬೇಕು. ಕಾಫಿಬೀಜದ ಜಾತಿಯೂ ಲೆಕ್ಕಕ್ಕೆ ಬರುತ್ತದೆ: ರೊಬಸ್ಟಾದಲ್ಲಿ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನು. ದಿನಕ್ಕೊಂದೆರಡು ಲೋಟಕ್ಕೆ ಹೆದರಬೇಕಿಲ್ಲ. ನಿದ್ದೆಗೆಟ್ಟ ಬಾಣಂತಿ ನಾಲ್ಕೈದು ಲೋಟ ಕುಡಿದರೆ ಮಗುವಿನ ನಿದ್ದೆಯೂ ಕೆಡಬಹುದು.

ಇನ್ನು ಹಾಲಿನ ಮೂಲದ್ರವ್ಯ. ನೂರು ಮಿಲಿಲೀಟರಿನಲ್ಲಿ ನೀರೇ 87ರಷ್ಟು. ಲ್ಯಾಕ್ಟೋಸ್ ಸಕ್ಕರೆ ಸುಮಾರು 7 ಗ್ರಾಂ, ಕೊಬ್ಬು 4, ಪ್ರೋಟೀನು 1. ತಾಯಿ ಬಡವಳಿರಲಿ, ಬಲ್ಲಿದಳಿರಲಿ, ಈ ಎರಕ ಹೆಚ್ಚು ಬದಲಾಗದು. ಕೊಡಗಿನಿಂದ ದೂರವಲ್ಲದ ಕೂನೂರಿನ ಪೋಷಣಾ ಪ್ರಯೋಗಾಲಯದಲ್ಲಿ ಸಿ. ಗೋಪಾಲನ್ 1950ರ ದಶಕದಲ್ಲಿ ಬಡ ತಾಯಂದಿರ ಹಾಲನ್ನು ಅಳೆದು ನೋಡಿದಾಗ, ಅರೆಹೊಟ್ಟೆಯ ಆ ಹೆಂಗಸರ ಹಾಲಿನಲ್ಲಿ ಪ್ರೋಟೀನು ಹೇಳಿಕೊಳ್ಳುವಷ್ಟು ಕಡಿಮೆಯಿರಲಿಲ್ಲ. ಸುಣ್ಣದ ಅಂಶವೂ ಹಾಗೆಯೇ. ಊಟದಲ್ಲಿ ಸಿಗದಿದ್ದರೆ ಅವಳ ಮೂಳೆಯಿಂದ ಬರುತ್ತದೆ. ಹಾಲೂಡುವ ತಿಂಗಳುಗಳಲ್ಲಿ ತಾಯಿಯ ಮೂಳೆಯ ಸಾಂದ್ರತೆ ನೂರಕ್ಕೆ ಮೂರರಿಂದ ಐದರಷ್ಟು ಇಳಿದು, ಹಾಲು ಬಿಡಿಸಿದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಆದ್ದರಿಂದ ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಸಣಕಲು ತಾಯಿಯನ್ನು ಕಂಡು ‘ನಿನ್ನ ಹಾಲಿನಲ್ಲಿ ಸತ್ವವಿಲ್ಲ, ಡಬ್ಬಿಹಾಲು ಕೊಡು’ ಎನ್ನುವುದು ತಪ್ಪು ಮಾತು. ಹಾಲು ಸರಿಯಾಗಿಯೇ ಇದೆ, ಸವೆಯುತ್ತಿರುವವಳು ತಾಯಿ. ಮೊದಲ ಆರು ತಿಂಗಳು ದಿನಕ್ಕೆ 600 ಕಿಲೊಕ್ಯಾಲೊರಿ ಹೆಚ್ಚಿಗೆ ಬೇಕಾಗಿರುವುದು ಅವಳಿಗೆ.

ಕೊಬ್ಬಿನ ಪ್ರಮಾಣ ಹೆಚ್ಚು ಬದಲಾಗದಿದ್ದರೂ ಅದರ ಜಾತಿ ಬದಲಾಗುತ್ತದೆ. ಮಗುವಿನ ಮಿದುಳಿಗೂ ಕಣ್ಣಿಗೂ ಬೇಕಾದ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಮೀನುಣ್ಣುವ ತಾಯಿಯ ಹಾಲಿನಲ್ಲಿ ಹೆಚ್ಚು. ಕಣ್ಣೂರು ತೀರದಿಂದ ಮಾಕುಟ್ಟ ಹತ್ತಿ ವಿರಾಜಪೇಟೆ ಸಂತೆಗೆ ಬರುವ ಮತ್ತಿ ಮೀನಿನಲ್ಲಿ ಅದು ಧಾರಾಳವಾಗಿದೆ, ಅದೂ ಅಗ್ಗದ ಬೆಲೆಗೆ.

ನಿಜವಾದ ಅಪಾಯ ಇರುವುದು ಕೆಲವು ವಿಟಮಿನ್‌ಗಳಲ್ಲಿ. ಇವು ಹಾಲಿಗೆ ಬರುವುದು ತಾಯಿಯ ಮೈಯಲ್ಲಿ ಇದ್ದಷ್ಟೇ. ಅವಳಿಗೆ ಇಲ್ಲದಿದ್ದರೆ ಹಾಲಿಗೂ ಇಲ್ಲ. ಅವುಗಳಲ್ಲಿ ಮೊದಲನೆಯದು ಥಯಾಮಿನ್, ಅಂದರೆ ಬಿ1. ಅಕ್ಕಿಯಲ್ಲಿ ಅದು ಇರುವುದು ತೌಡಿನಲ್ಲಿ. ಮಿಲ್ಲಿನಲ್ಲಿ ಪಾಲಿಶ್ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಹೋಯಿತು. ಮೂರು ನೀರಲ್ಲಿ ತೊಳೆದಾಗ ಇನ್ನಷ್ಟು, ಗಂಜಿ ಬಸಿದಾಗ ಮತ್ತಷ್ಟು. ಊಟವಾದ ಮೇಲೆ ಬಾಣಂತಿಗೆ ಕೊಡುವ ಎಲೆಅಡಿಕೆ ಉಳಿದ ಚೂರನ್ನೂ ಕೆಡಿಸುತ್ತದೆ. ಪಥ್ಯದ ತಟ್ಟೆಯಲ್ಲಿ ಬೇಳೆಯಿಲ್ಲ, ಕಾಳಿಲ್ಲ, ಮಾಂಸವಿಲ್ಲ. ಎರಡು ಮೂರು ತಿಂಗಳಿಗೆ ಆ ತಾಯಿಗೆ ಕಾಲು ಜೋಮು ಹಿಡಿದಂತೆ ಆಗಬಹುದು, ಆಗದೆಯೂ ಇರಬಹುದು. ಆದರೆ ಗುಂಡಗೆ ಬೆಳೆಯುತ್ತಿದ್ದ ಮಗು ಒಂದು ದಿನ ಹಾಲು ಬೇಡವೆನ್ನುತ್ತದೆ, ವಾಂತಿ ಮಾಡುತ್ತದೆ. ಅಳುವ ಬಾಯಿ ತೆರೆದಿರುತ್ತದೆ, ದನಿ ಮಾತ್ರ ಹೊರಡುವುದಿಲ್ಲ. ಉಸಿರು ಮೇಲೆ ಕೆಳಗೆ ಆಗಿ, ಹೃದಯ ಸೋತು, ಗಂಟೆಗಳೊಳಗೆ ಸಾಯಬಹುದು.

ಇದು ಹಳೆಯ ಪುಸ್ತಕದ ಬೆರಿಬೆರಿ ಅಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಇಂಥದೇ ಕೂಸುಗಳ ಬಗ್ಗೆ ಬರೆದರು. ಎದೆಹಾಲನ್ನಷ್ಟೇ ಕುಡಿಯುತ್ತಿದ್ದ ಮಕ್ಕಳು, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿದ ಸ್ಥಿತಿ. ತಾಯಂದಿರು ಪಾಲಿಶ್ ಅಕ್ಕಿಯ ಅನ್ನದ ಮೇಲೆ ಪಥ್ಯದಲ್ಲಿದ್ದವರು. ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ಒಂದೆರಡು ದಿನದಲ್ಲೇ ಒತ್ತಡ ಇಳಿದು ಮಗು ಚೇತರಿಸಿಕೊಳ್ಳುತ್ತಿತ್ತು. ಕೆಲವೇ ರೂಪಾಯಿಯ ಔಷಧಿ ಅದು.

ಇಲ್ಲಿ ಕೊಡಗಿನ ಅಡುಗೆಮನೆಯನ್ನು ಒಮ್ಮೆ ನೋಡಬೇಕು. ನಾವು ತಿನ್ನುವ ಮಾಂಸಗಳಲ್ಲಿ ಥಯಾಮಿನ್ ಅತಿ ಹೆಚ್ಚಿರುವುದು ಹಂದಿಯದರಲ್ಲಿ. ಹಾಲೂಡುವ ತಾಯಿಗೆ ದಿನಕ್ಕೆ ಬೇಕಾದದ್ದು ಒಂದೂವರೆ ಮಿಲಿಗ್ರಾಂ. ನೂರು ಗ್ರಾಂ ಹಂದಿಮಾಂಸದಲ್ಲಿ ಅದರ ಸುಮಾರು ಅರ್ಧ ಇರುತ್ತದೆ. ಬೇಯುವಾಗ ರಸಕ್ಕೆ ಬಿಟ್ಟದ್ದನ್ನೂ ಅಕ್ಕಿತರಿಯ ಕಡಂಬುಟ್ಟು ಅದ್ದಿಕೊಂಡು ತಿನ್ನುತ್ತೇವೆ. ಹಂದಿ ತಿನ್ನದವರಿಗೆ ಹುರುಳಿ, ಹೆಸರು, ಕಡಲೆಕಾಯಿ ಇವೆ. ಕುಸುಬಲಕ್ಕಿಯೂ ಒಳ್ಳೆಯದು: ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಥಯಾಮಿನ್ ಅಕ್ಕಿಯೊಳಕ್ಕೆ ಸರಿದು ಅಲ್ಲೇ ನಿಲ್ಲುತ್ತದೆ. ಇಷ್ಟೆಲ್ಲ ಕೈಯಳತೆಯಲ್ಲೇ ಇರುವ ಊರಿನಲ್ಲಿ, ಅವು ಅತಿ ಹೆಚ್ಚು ಬೇಕಾದ ನಲವತ್ತು ದಿನ ಬಾಣಂತಿಗೆ ಅವನ್ನು ತಪ್ಪಿಸುವುದು ನನಗೆ ಸಂಕಟದ ವಿಷಯ.

ಬಿ12 ವಿಟಮಿನ್ ಕೂಡ ಥಯಾಮಿನ್ನಿನ ಗುಂಪಿನದೇ. ಅದು ಪ್ರಾಣಿಮೂಲದ ಆಹಾರದಲ್ಲಷ್ಟೇ ಸಿಗುವುದರಿಂದ ಸಸ್ಯಾಹಾರಿ ಮನೆಗಳಲ್ಲಿ ಕೊರತೆ ಸಾಮಾನ್ಯ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಬಸಿರಿನಿಂದ ಹೆರಿಗೆಯ ನಂತರದ ಆರನೇ ವಾರದವರೆಗೆ ದಿನಕ್ಕೆ 50 ಮೈಕ್ರೊಗ್ರಾಂ ಬಿ12 ಕೊಟ್ಟಾಗ, ಹಾಲಿನಲ್ಲೂ ಮಗುವಿನ ರಕ್ತದಲ್ಲೂ ಅದು ಏರಿತು. ಅಯೋಡಿನ್ನಿನದೂ ಅದೇ ಕಥೆ. ಅಯೋಡಿನ್ ಉಪ್ಪು ಮನೆಯಲ್ಲಿದ್ದರೆ ಸಾಕು. ವಿಟಮಿನ್ ಡಿ ಮಾತ್ರ ತಾಯಿ ಚೆನ್ನಾಗಿ ಉಂಡರೂ ಹಾಲಿಗೆ ಸಾಕಷ್ಟು ಬಾರದು. ತಿಂಗಳುಗಟ್ಟಲೆ ಬಿಸಿಲು ಕಾಣದ ಭಾಗಮಂಡಲದಂಥ ಕಡೆ ವೈದ್ಯರು ಹೇಳುವ ಹನಿಮದ್ದನ್ನು ಮಗುವಿಗೆ ತಪ್ಪಿಸಬಾರದು.

ಬಾಣಂತಿಯ ತಟ್ಟೆ ತುಂಬಿಸಲೆಂದೇ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಮಾತೃಪೂರ್ಣ ಯೋಜನೆ ಬಂತು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ: ಅನ್ನ, ಬೇಳೆ ಸೊಪ್ಪಿನ ಸಾಂಬಾರು, ಮೊಟ್ಟೆ, ಹಾಲು, ಕಡಲೆಮಿಠಾಯಿ. ತಟ್ಟೆಯ ಲೆಕ್ಕ ಸರಿಯಾಗಿದೆ. ಆದರೆ ಕಕ್ಕಡದ ಮಳೆಯಲ್ಲಿ ತೋಟದ ಕೊನೆಯ ಲೈನ್‌ನಿಂದ ಹಸುಗೂಸಿನ ತಾಯಿ ಅಲ್ಲಿಗೆ ನಡೆದು ಹೋಗಲಾರಳು, ಮನೆಯವರು ಕಳಿಸುವುದೂ ಇಲ್ಲ. ಯಾರಾದರೂ ಕ್ಯಾರಿಯರ್ ಹಿಡಿದು ಊಟ ತಂದುಕೊಟ್ಟರೂ, ಸಾಂಬಾರಿನ ಡಬ್ಬಿ ಒಳಕೋಣೆಯ ಬಾಗಿಲಲ್ಲೇ ನಿಲ್ಲುತ್ತದೆ. ಬೇಳೆ ವಾಯು ಎನ್ನುವ ಅಜ್ಜಿಯ ಪಕ್ಕ ಕೂತು ಮಾತಾಡಬೇಕಾದದ್ದು ಆಗ.