ಎಂಜಿನ್ನಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತನ್ನು ನಾವು ದೇವಾಲಯಗಳಿಗೆ ಬಳಸುತ್ತೇವೆ. ಹಳೆಯ ಅಂಬಾಸಡರ್ ಕಾರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿಗೂ ಅದು ಒಪ್ಪುವ ಮಾತೇ ಸರಿ. ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಓಡುತ್ತಿರುವ ಕಾರುಗಳು ಇನ್ನೂ ಉಂಟು. ಮಕ್ಕಳುಮರಿಗಳನ್ನು ಕೂರಿಸಿಕೊಂಡು ದಿನವೂ ಓಡಿಸುವ ಬಂಡಿಗೆ ಹೆಚ್ಚಿನ ವೇಗವೇನೂ ಬೇಡ. ಮಳೆಗಾಲದ ರಾತ್ರಿ ಶಿರಾಡಿ ಘಾಟಿಯ ನಡುವೆ ನಿಲ್ಲದಿದ್ದರೆ ಸಾಕು.

ಶಕ್ತಿ ಕುಂದಿತೆಂದು ಒಡನೆಯೇ ಎಂಜಿನ್ ಬಿಚ್ಚಿಸಬೇಡಿ. ಪ್ಲಗ್ಗುಗಳನ್ನು ತೆಗೆದು ಪ್ರತಿ ಸಿಲಿಂಡರಿನ ಕಂಪ್ರೆಷನ್ ಒತ್ತಡವನ್ನು ಅಳೆಸಿ. ಬಳಿಕ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಹೊಯ್ದು ಮತ್ತೆ ಅಳೆಸಿ. ಒತ್ತಡ ಏರಿತೆ? ಸವೆದದ್ದು ರಿಂಗು ಅಥವಾ ಬೋರು. ಏರಲಿಲ್ಲವೆ? ದೋಷ ಬಹುಮಟ್ಟಿಗೆ ವಾಲ್ವಿನದು. ಹೆಡ್ಡಿನ ಕೆಲಸದಲ್ಲಿಯೇ ಮುಗಿದೀತು.

ಸವೆತವಿದ್ದರೂ "ಹೊಸ ರಿಂಗು ಹಾಕಿದರೆ ಸಾಕು, ಸ್ವಾಮೀ" ಎನ್ನುವವರು ಇದ್ದಾರೆ. ಒಪ್ಪಬೇಡಿ. ಸಿಲಿಂಡರು ಉದ್ದಕ್ಕೂ ಒಂದೇ ಸಮನಾಗಿ ಸವೆಯುವುದಿಲ್ಲ. ಬಿಸಿ ಹೆಚ್ಚಾಗಿ ಎಣ್ಣೆ ಕಡಮೆ ತಲುಪುವ ಮೇಲ್ಭಾಗವೇ ಹೆಚ್ಚು ಸವೆಯುತ್ತದೆ. ರಿಂಗು ಮುಟ್ಟದ ತುದಿಯಲ್ಲಿ ಮಾತ್ರ ಒಂದು ಅಂಚು ಉಳಿದುಬಿಡುತ್ತದೆ. ಹೊಸ ರಿಂಗು ಅದಕ್ಕೆ ಬಡಿದು ಮುರಿಯಬಹುದು. ಆದಕಾರಣ ಸವೆತವನ್ನು ಅಳೆಸಿ, ಇಂಚಿನ ಸಾವಿರದಲ್ಲಿ 20 ಅಥವಾ 30 ಪಾಲು ದೊಡ್ಡದಾದ ಓವರ್‌ಸೈಜ್ ಪಿಸ್ಟನ್‌ಗಳನ್ನು ಮೊದಲು ಕೊಳ್ಳಿ. ಬೋರಿಂಗ್ ಅವುಗಳ ಅಳತೆಗೆ ನಡೆಯಲಿ. ಕ್ರ್ಯಾಂಕ್ ಸವೆದಿದ್ದರೆ ಅದನ್ನೂ ಉಜ್ಜಿಸಿ, ತಕ್ಕ ಬೇರಿಂಗ್ ಹಾಕಿಸಬೇಕು.

ಇನ್ನು ತೊಳೆಯುವ ಕೆಲಸ. ಬೋರಿಂಗ್ ಆದ ಬ್ಲಾಕನ್ನು ಸೀಮೆಎಣ್ಣೆಯಲ್ಲಿ ಒರೆಸಿ ಜೋಡಿಸುವುದು ರೂಢಿ. ಸೀಮೆಎಣ್ಣೆ ಜಿಡ್ಡನ್ನು ಬಿಡಿಸುತ್ತದೆ, ನಿಜ. ಲೋಹದ ಗೆರೆಗಳಲ್ಲಿ ಕುಳಿತ ಸಾಣೆಯ ಪುಡಿ ಅಲ್ಲಿಯೇ ಉಳಿಯುತ್ತದೆ. ಬಿಸಿನೀರು, ಸಾಬೂನು, ಬ್ರಷ್ಷು, ನಮ್ಮ ಅಡಿಗೆಮನೆಯ ಪಾತ್ರೆ ತಿಕ್ಕುವ ಶ್ರದ್ಧೆ: ಇಷ್ಟೇ ಬೇಕಾದದ್ದು. ಬಿಳಿಯ ಬಟ್ಟೆಯಿಂದ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಇರಬೇಕು. ಒಣಗಿದೊಡನೆ ಎಣ್ಣೆ ಸವರದಿದ್ದರೆ ತುಕ್ಕು ಹಿಡಿಯುತ್ತದೆ. ಎಣ್ಣೆ ಹರಿಯುವ ಒಳದಾರಿಗಳನ್ನೂ ಮರೆಯಕೂಡದು.

ವಾಲ್ವು ಕೂರುವ ಪೀಠದ ಸಂಗತಿಯೊಂದಿದೆ. ಮೊದಲು ಪೆಟ್ರೋಲಿನಲ್ಲಿದ್ದ ಸೀಸ ಆ ಪೀಠವನ್ನು ಸವೆತದಿಂದ ಕಾಯುತ್ತಿತ್ತು. 2000ದಲ್ಲಿ ದೇಶದೆಲ್ಲೆಡೆ ಸೀಸದ ಪೆಟ್ರೋಲ್ ನಿಂತಿತು. ಹೆಡ್ಡು ಬಿಚ್ಚಿದಾಗಲೇ ಎಗ್ಸಾಸ್ಟ್ ವಾಲ್ವುಗಳಿಗೆ ಗಟ್ಟಿ ಲೋಹದ ಸೀಟುಗಳನ್ನು ಕೂರಿಸಿಬಿಡಿ.

ಎಂಜಿನ್ ಚಾಲೂ ಆದಮೇಲೆ ಅದನ್ನು ನಿಂತಲ್ಲಿಯೇ ಗಂಟೆಗಟ್ಟಲೆ ಓಡಿಸುವುದು ಬೇಡ. ಹದವಾದ ಭಾರ ಬಿದ್ದರೇ ರಿಂಗು ಬೋರಿಗೆ ಹೊಂದುವುದು. ಮೊದಲ 800 ಕಿಲೋಮೀಟರು ವೇಗವನ್ನು ಆಗಾಗ ಬದಲಿಸುತ್ತ, ಪೂರ್ತಿ ಒತ್ತದೆ ಓಡಿಸಿ. ಬಳಿಕ ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸಿ, ಹೆಡ್ಡಿನ ನಟ್ಟುಗಳ ಬಿಗಿಯನ್ನೂ ವಾಲ್ವಿನ ಸಂದನ್ನೂ ಇನ್ನೊಮ್ಮೆ ನೋಡಿಸಿರಿ.